ಪತ್ರಿಕೋದ್ಯಮ ಓದುವುದು ದಂಡವಲ್ಲ

ಪತ್ರಿಕೋದ್ಯಮಕ್ಕೆ ಡಿಗ್ರಿ ಯಾಕೆ, ನೇರವಾಗಿ ಕೆಲಸಕ್ಕೆ ಸೇರಿ ಕಲಿತರೆ ಸಾಕು ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನಾನು ಒಪ್ಪುವುದಿಲ್ಲ ಸರ್. ಮೈಸೂರನ್ನೇ ತಗೊಳ್ಳಿ. ಮಹಾರಾಜ ಕಾಲೇಜಿನಲ್ಲಿ 1951ರಲ್ಲೇ ಇದನ್ನು ಒಂದು ವಿಷಯವಾಗಿ ಕಲಿಸಲು ಶುರು ಮಾಡಿದರು, ಅಲ್ಲಿನ ಪ್ರಾಧ್ಯಾಪಕ ನಾಡಿಗ ಕೃಷ್ಣಮೂರ್ತಿಯವರು ಅದನ್ನು ಕಟ್ಟಿ ಬೆಳೆಸಿದರು, ಆಮೇಲೆ ಮೈಸೂರು ವಿಶ್ವವಿದ್ಯಾಲಯದ ಕ್ಯಾಂಪಸ್ ಮಾನಸಗಂಗೋತ್ರಿಯಲ್ಲಿ ಎಂ.ಎ. ಕೂಡ ಬಂತು. ನಮ್ಮ ದೇಶಕ್ಕೆ ಟಿವಿ ಬಂದದ್ದೇ 1959ರಲ್ಲಿ, ಅಂದರೆ ಅದಕ್ಕೂ ಮೊದಲಿನ ವಿಭಾಗ ಇದು.

ಸುದ್ದಿಮನೆಯಲ್ಲಿ ಹೊಸಬರ ಪಕ್ಕ ಕೂತು ಹೇಳಿಕೊಡಲು ಯಾರಿಗೆ ಪುರುಸೊತ್ತು ಇದೆ ಹೇಳಿ? ಕ್ಲಾಸಿನಲ್ಲಾದರೆ ಮೇಷ್ಟ್ರು ನಿಮ್ಮ ವರದಿಯ ಮೊದಲ ಪ್ಯಾರಾಕ್ಕೆ ಕೆಂಪು ಗೆರೆ ಎಳೆದು, ಯಾರು, ಎಲ್ಲಿ, ಯಾವಾಗ ಅನ್ನುವುದು ನಾಲ್ಕನೇ ಪ್ಯಾರಾಕ್ಕೆ ಯಾಕೆ ಹೋಯಿತು ಅಂತ ಕೇಳುತ್ತಾರೆ, ಮತ್ತೆ ಬರೆಸುತ್ತಾರೆ. ಮಾನನಷ್ಟ, ನ್ಯಾಯಾಂಗ ನಿಂದನೆ, ವಾಕ್ ಸ್ವಾತಂತ್ರ್ಯ ಕೊಡುವ ಸಂವಿಧಾನದ 19ನೇ ವಿಧಿ, ಇದನ್ನೆಲ್ಲ ವಕೀಲರ ನೋಟಿಸ್ ಬರುವ ಮೊದಲೇ ಓದಿಕೊಂಡರೆ ಒಳ್ಳೇದಲ್ವಾ?

ಮೈಸೂರಿನಲ್ಲಿ ಇನ್ನೊಂದು ಅನುಕೂಲ ಇದೆ. ಆಂದೋಲನ, ಮೈಸೂರು ಮಿತ್ರ, ಸ್ಟಾರ್ ಆಫ್ ಮೈಸೂರು ಅಂತ ಊರಿನದೇ ಪತ್ರಿಕೆಗಳಿವೆ. ಪಾಲಿಕೆ ಸಭೆಯ ಬಗ್ಗೆ ನೀವು ಬರೆದದ್ದನ್ನು ಮಾರನೇ ದಿನ ಅವುಗಳ ವರದಿ ಪಕ್ಕ ಇಟ್ಟು ನೋಡಬಹುದು.

ಕೊರತೆ ಇಲ್ಲ ಅನ್ನುತ್ತಿಲ್ಲ. ನಮ್ಮ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಖಾಲಿ ಹುದ್ದೆ ಜಾಸ್ತಿ, ಅತಿಥಿ ಉಪನ್ಯಾಸಕರ ಮೇಲೇ ಪಾಠ ನಡೆಯುತ್ತದೆ. ಅದನ್ನು ಸರಿ ಮಾಡಿ ಅಂತ ಜಗಳ ಮಾಡೋಣ, ಓದೇ ಬೇಡ ಅನ್ನುವುದು ಬೇಡ. ಸೇರಬೇಕು ಅಂತಿರುವವರು ಮೊದಲು ಒಮ್ಮೆ ವಿಭಾಗಕ್ಕೆ ಹೋಗಿ, ವಿದ್ಯಾರ್ಥಿಗಳೇ ತರುವ ಪ್ರಾಯೋಗಿಕ ಪತ್ರಿಕೆಯ ಇತ್ತೀಚಿನ ಸಂಚಿಕೆ ತೋರಿಸಿ ಅಂತ ಕೇಳಿ.