ಏಳು ಸುತ್ತಿನ ಊಟಕ್ಕೆ ಅಪಸ್ವರದ ಒಗ್ಗರಣೆ

ಕರೋಕೆ ಬಾರನ್ನು ಗೌರವಿಸಲು ಅನೇಕ ಕಾರಣಗಳಿವೆಯಾದರೂ ಅವುಗಳಲ್ಲಿ ಮುಖ್ಯವಾದದ್ದು, ಅದು ಯಾರಿಂದಲೂ ಗೌರವವನ್ನು ಕೇಳುವುದಿಲ್ಲ ಎಂಬುದು. ಅಲ್ಲಿ ಶ್ರುತಿ ತಪ್ಪಿದವರಿಗೂ ಚಪ್ಪಾಳೆ ಬೀಳುತ್ತದೆ, ಚರಣ ಮರೆತವರಿಗೆ ಪರದೆಯೇ ಸಾಹಿತ್ಯ ಒದಗಿಸುತ್ತದೆ, ಹಿಡಿದ ಮೈಕನ್ನು ಬಿಡಲೊಪ್ಪದವರನ್ನು ಕೂಡ ಜನ ಒಂದು ಮಿತಿಯವರೆಗೆ ಸಹಿಸಿಕೊಳ್ಳುತ್ತಾರೆ. ಅಲ್ಲಿನ ತಿನಿಸಿಗೂ ತನ್ನ ಸ್ಥಾನದ ಅರಿವಿರುತ್ತದೆ. ಅದು ಕರಿದದ್ದಾಗಿರಬೇಕು, ಉಪ್ಪು ಒಂದು ಕೈ ಮುಂದಾಗಿರಬೇಕು, ನೋಡದೆಯೇ ಎತ್ತಿ ಬಾಯಿಗೆ ಹಾಕಿಕೊಳ್ಳುವಂತಿರಬೇಕು. ಏಕೆಂದರೆ ಕಣ್ಣು ಪರದೆಯ ಮೇಲಿರುತ್ತದೆ, ಇನ್ನೊಂದು ಕೈಯಲ್ಲಿ ಮೈಕ್ ಇರುತ್ತದೆ. ಇಂಥ ನಿರುಪದ್ರವಿ ಜಾಗದ ಗೋಡೆಯ ಮೇಲೆ ‘ನಿಗದಿತ ಬೆಲೆಯ ಏಳು ಸುತ್ತಿನ ಟೇಸ್ಟಿಂಗ್ ಮೆನು, ಆಯ್ಕೆ ಸಂಪೂರ್ಣವಾಗಿ ಶೆಫ್ ಅವರದು’ ಎಂಬ ಫಲಕ ಕಾಣಿಸಿಕೊಂಡಾಗ, ಊಟದ ಮಟ್ಟ ಏರಿತೆಂದು ಹಿಗ್ಗುವ ಮೊದಲು ತುಸು ತಡೆಯುವುದು ಲೇಸು.

ಎರಡರ ಕುಲಗೋತ್ರ ವಿಚಾರಿಸಿದರೆ ಈ ಸಂಬಂಧ ಕೂಡಿಬರುವಂಥದ್ದಲ್ಲವೆಂದು ಯಾರಿಗಾದರೂ ತಿಳಿಯುತ್ತದೆ. ಜಪಾನಿನ ಕೋಬೆ ನಗರದ ಬಾರುಗಳಲ್ಲಿ ವಾದ್ಯ ನುಡಿಸಿ ಬದುಕುತ್ತಿದ್ದ ಡೈಸುಕೆ ಇನೂಯೆ ಎಂಬವರು 1971ರಲ್ಲಿ 11 ಯಂತ್ರಗಳನ್ನು ಮಾಡಿಸಿ, ನಾಣ್ಯ ಹಾಕಿದವರಿಗೆ ಹಿನ್ನೆಲೆ ಸಂಗೀತ ನುಡಿಸುವಂತೆ ಬಾರುಗಳಿಗೆ ಬಾಡಿಗೆಗೆ ಕೊಟ್ಟರು. ಕರೋಕೆಯ ಜನಕರು ತಾವೇ ಎಂದು ಹೇಳಿಕೊಂಡವರು ಬೇರೆಯವರೂ ಇದ್ದಾರೆ. ಆದರೆ ಅದಕ್ಕೆ ಪೇಟೆಂಟ್ ಪಡೆಯುವ ಗೋಜಿಗೇ ಹೋಗದ ಇನೂಯೆ ಅವರಿಗೆ 2004ರಲ್ಲಿ ಇಗ್ ನೊಬೆಲ್ ಶಾಂತಿ ಪ್ರಶಸ್ತಿ ಸಂದಿತು. ಜನರು ಒಬ್ಬರನ್ನೊಬ್ಬರು ಸಹಿಸಿಕೊಳ್ಳಲು ಕಲಿಯುವ ಹೊಚ್ಚಹೊಸ ದಾರಿಯೊಂದನ್ನು ತೋರಿದ್ದಾರೆಂಬುದು ಪ್ರಶಸ್ತಿಗೆ ಕೊಟ್ಟ ಕಾರಣ. ನಗೆಗಾಗಿ ಕೊಡುವ ಆ ಪ್ರಶಸ್ತಿ ಇಷ್ಟು ನಿಖರವಾಗಿ ಮಾತಾಡಿದ್ದು ಅಪರೂಪ.

ಟೇಸ್ಟಿಂಗ್ ಮೆನುವಿನ ವಂಶ ಬೇರೆ. ಫ್ರಾನ್ಸಿನ ಆಹಾರ ವಿಮರ್ಶಕರಾದ ಗೊ ಮತ್ತು ಮಿಯೊ 1973ರಲ್ಲಿ ‘ಹೊಸ ಅಡುಗೆ’ಯ ಹತ್ತು ಸೂತ್ರಗಳನ್ನು ಘೋಷಿಸಿದ ಮೇಲೆ ತಟ್ಟೆಯ ಮೇಲಿನ ಪದಾರ್ಥ ಹಗುರಾಗುತ್ತ, ತಟ್ಟೆ ಮಾತ್ರ ಅಗಲವಾಗುತ್ತ ಬಂತು. ಸ್ಪೇನಿನ ಬಾಣಸಿಗ ಫೆರಾನ್ ಆದ್ರಿಯಾ 1990ರ ದಶಕದಲ್ಲಿ ಅಡುಗೆಗೆ ನೊರೆಯನ್ನು ತಂದರು. 2011ರಲ್ಲಿ ಬಾಗಿಲು ಮುಚ್ಚಿದ ಅವರ ಎಲ್ ಬುಲ್ಲಿ ರೆಸ್ಟೋರೆಂಟಿನಲ್ಲಿ ಒಂದೇ ಊಟಕ್ಕೆ ಮೂವತ್ತಕ್ಕೂ ಹೆಚ್ಚು ಸುತ್ತುಗಳಿರುತ್ತಿದ್ದವು. ಅಲ್ಲಿ ಸಹಿಸಿಕೊಳ್ಳುವ ಕೆಲಸವೆಲ್ಲ ಒಂದೇ ಕಡೆಯವರದು. ಬಾಣಸಿಗ ಪ್ರದರ್ಶಿಸುತ್ತಾನೆ, ಗಿರಾಕಿ ಮೌನವಾಗಿ ತಲೆದೂಗುತ್ತಾನೆ. ಕರೋಕೆಯಲ್ಲಾದರೋ ಗಿರಾಕಿ ಪ್ರದರ್ಶಿಸುತ್ತಾನೆ, ಅಂಗಡಿಯವರು ತಲೆದೂಗುತ್ತಾರೆ. ಎರಡನ್ನೂ ಒಂದೇ ಸೂರಿನಡಿ ತಂದ ಜಾಣರು ಲೆಕ್ಕ ಹಾಕಲು ಮರೆತದ್ದು ಒಂದನ್ನೇ: ಈಗ ಕಲಾವಿದರು ಇಬ್ಬರಾದರು, ತಲೆದೂಗಲು ಯಾರೂ ಉಳಿಯಲಿಲ್ಲ.

ಈ ಕೊರತೆಯನ್ನು ಮೊದಲು ಅನುಭವಿಸುವವನು ಬಡಿಸುವ ಹುಡುಗ. ಏಳು ಸುತ್ತಿನ ಊಟದಲ್ಲಿ ಪ್ರತಿ ತಟ್ಟೆಗೂ ಒಂದು ಪೀಠಿಕೆ ಇರುತ್ತದೆ. ಯಾವುದನ್ನು ಎಷ್ಟು ಹೊತ್ತು ಹೊಗೆಗೆ ಒಡ್ಡಲಾಯಿತು, ಯಾವುದನ್ನು ಯಾವುದರ ಮೇಲೆ ಚಿಮುಟದಿಂದ ಇರಿಸಲಾಯಿತು, ಯಾವ ಬದಿಯಿಂದ ತಿನ್ನಲು ಆರಂಭಿಸಬೇಕು ಎಂಬುದನ್ನೆಲ್ಲ ಅವನು ತಗ್ಗಿದ ದನಿಯಲ್ಲಿ ನಿವೇದಿಸಬೇಕೆಂದು ಶೆಫ್ ತರಬೇತಿ ಕೊಟ್ಟಿರುತ್ತಾರೆ. ಆದರೆ ನಾವು ಕುಳಿತಿದ್ದ ಕೋಣೆಯಲ್ಲಿ ತಗ್ಗಿದ ದನಿಗೆ ಪ್ರವೇಶವಿರಲಿಲ್ಲ. ಮೊದಲ ಸುತ್ತಿನ ಪೀಠಿಕೆ ಪಲ್ಲವಿಯಲ್ಲಿ ಮುಳುಗಿಹೋಯಿತು. ಎರಡನೆಯದಕ್ಕೆ ಅವನು ಜಾಣತನದಿಂದ ಚರಣಗಳ ನಡುವಣ ವಾದ್ಯಸಂಗೀತಕ್ಕಾಗಿ ಕಾದು ನಿಂತ. ಆದರೆ ಆ ಬಿಡುವಿನಲ್ಲಿ ಹೊಗೆಯ ವಿಚಾರ ಮುಗಿಯಿತೇ ಹೊರತು ಚಿಮುಟದ ವಿಚಾರ ಬಾಕಿ ಉಳಿದು, ಅದನ್ನು ಮುಂದಿನ ಹಾಡಿನ ಮುನ್ನುಡಿಗೆ ವರ್ಗಾಯಿಸಬೇಕಾಯಿತು. ಮೂರನೆಯ ಸುತ್ತಿನ ಹೊತ್ತಿಗೆ ಸಂಸಾರ ಕಂಡವನಂತೆ ಅವನು ಮೇಜಿನ ಮೇಲಿದ್ದ ಎರಡನೆಯ ಮೈಕನ್ನೇ ಎತ್ತಿಕೊಂಡ. ಕರೋಕೆ ಯಂತ್ರಗಳಲ್ಲಿ ಎಂಥ ಒಣ ಕಂಠಕ್ಕೂ ದೇವಾಲಯದ ಗಾಂಭೀರ್ಯ ತರುವ ಪ್ರತಿಧ್ವನಿಯ ಗುಂಡಿಯೊಂದಿರುತ್ತದೆಯಷ್ಟೆ. ಅದು ಆ ಹೊತ್ತಿಗೆ ತುತ್ತತುದಿಯಲ್ಲಿತ್ತು. ‘ಇದನ್ನು ಒಂದೇ ತುತ್ತಿಗೆ ಸೇವಿಸಬೇಕು’ ಎಂಬ ಸರಳ ಸೂಚನೆ ‘ಬೇಕು, ಬೇಕು, ಬೇಕು’ ಎಂದು ನಾಲ್ಕೂ ಗೋಡೆಗಳಿಂದ ಮೊಳಗಿದಾಗ ಒಬ್ಬರು ಭಯದಿಂದಲೇ ನುಂಗಿಬಿಟ್ಟರು.

ನೊರೆಯ ಕಥೆ ಇನ್ನೂ ಕರುಣಾಜನಕ. ನೊರೆಯ ಆಯುಷ್ಯ ಕೆಲವೇ ನಿಮಿಷ. ಹಾಡಿನ ಆಯುಷ್ಯವೂ ಹೆಚ್ಚುಕಡಿಮೆ ಅಷ್ಟೆ. ಹಾಡಿನ ಸರದಿಯನ್ನು ಯಂತ್ರ ನಿರ್ಧರಿಸುತ್ತದೆ, ತಟ್ಟೆಯ ಸರದಿಯನ್ನು ಅಡುಗೆಮನೆ ನಿರ್ಧರಿಸುತ್ತದೆ, ಇವೆರಡಕ್ಕೂ ಪರಸ್ಪರ ಮಾತುಕತೆಯಿಲ್ಲ. ಹೀಗಾಗಿ ಯಾರ ಹೆಸರು ಪರದೆಯ ಮೇಲೆ ಬರುತ್ತದೆಯೋ ಅವರ ಮುಂದೆಯೇ ನೊರೆಯೂ ಬಂದಿಳಿಯುತ್ತದೆ. ಹಾಡಿದರೆ ನೊರೆ ಇಳಿಯುತ್ತದೆ, ತಿಂದರೆ ಸರದಿ ತಪ್ಪುತ್ತದೆ. ನಮ್ಮಲ್ಲೊಬ್ಬರು ಎರಡನ್ನೂ ಏಕಕಾಲಕ್ಕೆ ಸಾಧಿಸಲು ಯತ್ನಿಸಿದರು. ಮೈಕಿನ ಜಾಳಿಗೆಯನ್ನು ಒರೆಸಲು ಅಂಗಡಿಯವರೇ ಬಟ್ಟೆ ತಂದುಕೊಟ್ಟರು.

ಗದ್ದಲದಲ್ಲಿ ರುಚಿ ತಿಳಿಯುತ್ತದೆಯೇ ಎಂದು ಕೇಳಿದರೆ ವಿಜ್ಞಾನವೂ ಗಿರಾಕಿಯ ಪರವಾಗಿಯೇ ಸಾಕ್ಷಿ ಹೇಳುತ್ತದೆ. ವಿಮಾನದೊಳಗಿನಂಥ ಭೋರ್ಗರೆತದಲ್ಲಿ ಸಿಹಿ ಮಂಕಾಗಿ, ಅಣಬೆ, ಮಾಂಸದ ಸಾರಿನಂಥವುಗಳಲ್ಲಿರುವ ಉಮಾಮಿ ಎಂಬ ರುಚಿ ಎದ್ದು ಕಾಣುತ್ತದೆಂದು 2015ರಲ್ಲಿ ಪ್ರಕಟವಾದ ಕಾರ್ನೆಲ್ ವಿಶ್ವವಿದ್ಯಾಲಯದ ಅಧ್ಯಯನವೊಂದು ಹೇಳಿತ್ತು. ಅಗಿಯುವಾಗಿನ ಸದ್ದನ್ನು ತಿದ್ದಿ ಕೇಳಿಸಿದರೆ ಆಲೂಗಡ್ಡೆ ಚಿಪ್ಸ್ ಇರುವುದಕ್ಕಿಂತ ಗರಿಗರಿಯಾಗಿ ತೋರುತ್ತದೆಂದು ಸಾಧಿಸಿದ ಝಂಪಿನಿ ಮತ್ತು ಸ್ಪೆನ್ಸ್ ಅವರಿಗೆ 2008ರ ಇಗ್ ನೊಬೆಲ್ ದೊರೆಯಿತು. ಒಂದೇ ಪ್ರಶಸ್ತಿ ಹಾಡಿಗೂ ತಿನಿಸಿಗೂ ಸಂದಿರುವುದನ್ನು ಕಂಡು ಮಾಲೀಕರು ಇದನ್ನು ದೈವಸಂಕಲ್ಪವೆಂದು ಭಾವಿಸಿದರೂ ಆಶ್ಚರ್ಯವಿಲ್ಲ. ಇಂಗ್ಲೆಂಡಿನ ಬಾಣಸಿಗ ಹೆಸ್ಟನ್ ಬ್ಲೂಮೆಂತಾಲ್ ತಮ್ಮ ಖಾದ್ಯವೊಂದರ ಜೊತೆಗೆ ಶಂಖದೊಳಗೆ ಐಪಾಡ್ ಇಟ್ಟು ಇಯರ್‌ಫೋನಿನಲ್ಲಿ ಕಡಲಿನ ಮೊರೆತ ಕೇಳಿಸಿದ್ದುಂಟು. ಆ ನ್ಯಾಯದಂತೆ ಪಕ್ಕದ ಕೋಣೆಯಿಂದ ಗೋಡೆ ತೂರಿ ಬರುವ ಅಪಸ್ವರವನ್ನು ಎಂಟನೆಯ ಸುತ್ತೆಂದು ಬಿಲ್ಲಿಗೆ ಸೇರಿಸುವ ದಿನ ದೂರವಿಲ್ಲ.

ಬಿಲ್ಲಿನ ಮಾತು ಬಂತು. ನಿಗದಿತ ಬೆಲೆಯಿಂದ ಅಡುಗೆಮನೆಗೆ ಆಗುವ ಅನುಕೂಲ ನಿಜವಾದದ್ದು: ಎಷ್ಟು ಜನ, ಎಷ್ಟು ತಟ್ಟೆ ಎಂಬುದು ಮೊದಲೇ ಗೊತ್ತಿದ್ದರೆ ಪದಾರ್ಥ ಹಾಳಾಗುವುದಿಲ್ಲ, ಆಳುಗಳ ಲೆಕ್ಕವೂ ತಪ್ಪುವುದಿಲ್ಲ. ಇಡೀ ಮೇಜಿನವರು ಇದನ್ನೇ ತೆಗೆದುಕೊಳ್ಳಬೇಕೆಂಬ ನಿಯಮವಿರುವುದು ಎಲ್ಲರ ತಟ್ಟೆಗಳೂ ಒಟ್ಟಿಗೇ ಬಂದು ಹೋಗಲೆಂದು. ಹಾಡಲು ಬಾರದೆ ಬರೀ ಚಪ್ಪಾಳೆ ತಟ್ಟಲು ಬಂದವರೂ ಏಳು ಸುತ್ತು ತಿನ್ನಲೇಬೇಕಾದದ್ದನ್ನು ಬೇಕಿದ್ದರೆ ಕ್ಷಮಿಸೋಣ. ಆದರೆ ಕರೋಕೆ ಕೋಣೆಯ ಬಾಡಿಗೆ ಗಂಟೆಯ ಲೆಕ್ಕದಲ್ಲಿ ಓಡುತ್ತದೆ ಎಂಬುದನ್ನು ಫಲಕ ಹೇಳುವುದಿಲ್ಲ. ತಟ್ಟೆಗೆ ಮಾತ್ರ ಬೆಲೆ ನಿಗದಿ. ತಟ್ಟೆ ಬರುವ ವೇಳೆಗೆ ನಿಗದಿಯಿಲ್ಲ. ಐದನೆಯ ಸುತ್ತಿಗೂ ಆರನೆಯ ಸುತ್ತಿಗೂ ನಡುವೆ ಶೆಫ್ ಎಷ್ಟು ಧ್ಯಾನಸ್ಥರಾದರೆ ಅಷ್ಟು ಗಂಟೆಗಳು ಬೆಳೆಯುತ್ತವೆ. ನಿಧಾನವೇ ಕಲೆಯೆಂದು ನಂಬಿಸಿ, ಆ ನಿಧಾನಕ್ಕೆ ಬಾಡಿಗೆ ವಸೂಲಿ ಮಾಡುವ ಈ ಯುಕ್ತಿಯಷ್ಟು ಪರಿಷ್ಕೃತವಾದ ಖಾದ್ಯ ಆ ಮೆನುವಿನಲ್ಲಿ ಇನ್ನೊಂದಿರಲಿಲ್ಲ.

ಗಾಂಭೀರ್ಯವೇ ಬೇಕೆಂದಿದ್ದರೆ ಅದನ್ನು ಹಾಡಿಗೂ ಅನ್ವಯಿಸಲಿ. ನಿಗದಿತ ಬೆಲೆಗೆ ಏಳು ಹಾಡು. ಯಾವುದೆಂಬ ಆಯ್ಕೆ ಯಂತ್ರದ್ದು. ಪ್ರತಿ ಹಾಡಿನಿಂದಲೂ ಒಂದೂವರೆ ಸಾಲು ಮಾತ್ರ, ಅದನ್ನೂ ವಿಶಾಲವಾದ ಪರದೆಯ ಒಂದು ಮೂಲೆಯಲ್ಲಿ ಚಿಮುಟದಿಂದ ಇರಿಸಿದಂತೆ. ನಾಲಿಗೆ ತೊಳೆಯಲೆಂದು ನಡುವೆ ಒಂದು ಚಮಚ ಹುಳಿ ಮಂಜು ಕೊಡುವಂತೆ, ಕಿವಿ ತೊಳೆಯಲು ಎರಡು ನಿಮಿಷ ನಿಶ್ಶಬ್ದ. ಈ ಸಲಹೆಯನ್ನು ವ್ಯವಸ್ಥಾಪಕರ ಮುಂದಿಟ್ಟಾಗ ಅವರು ನಗುತ್ತಾರೆಂದುಕೊಂಡಿದ್ದೆ, ಅವರು ಬರೆದುಕೊಂಡರು.

ಕೊನೆಯ ತಟ್ಟೆಯಾದ ಮೇಲೆ ಊಟಕ್ಕೆ ಐದರಲ್ಲಿ ಎಷ್ಟು ನಕ್ಷತ್ರ ಕೊಡುತ್ತೀರೆಂದು ಕೇಳುವ ಚೀಟಿ ಬಂತು, ಪರದೆಯ ಮೇಲೆ ಆ ಸಂಜೆಯ ಗಾಯನದ ಅಂಕಪಟ್ಟಿಯೂ ಮೂಡಿತು. ಅಂಕ ಕೊಡುವ ಯಂತ್ರಕ್ಕೆ ಸ್ವರವಷ್ಟೇ ಗೊತ್ತು, ಅದು ಯಾರದೆಂಬುದು ಗೊತ್ತಿಲ್ಲ. ನೂರರಲ್ಲಿ ಎಂಬತ್ತೆಂಟು ಪಡೆದು ನಮ್ಮೆಲ್ಲರನ್ನೂ ಹಿಂದಿಕ್ಕಿದ್ದು, ಮೂರನೆಯ ಸುತ್ತಿನ ಪೀಠಿಕೆ.