ಸತ್ಯಾಂಶ: ಫರ್ಮ್‌ವೇರ್ ಬದಲಿಸಿದರೆ ಇಂಟರ್ನೆಟ್ ಸ್ಪೀಡ್ ಡಬಲ್ ಆಗುತ್ತಾ?

"ರೂಟರ್‌ಗೆ ಓಪನ್‌ಡಬ್ಲ್ಯುಆರ್‌ಟಿ ಹಾಕಿ ಕ್ಯೂಒಎಸ್ ಆನ್ ಮಾಡಿ, ಸ್ಪೀಡ್ ಡಬಲ್ ಆಗುತ್ತೆ" ಅನ್ನುವ ಫಾರ್ವರ್ಡ್ ನಿಮಗೂ ಬಂದಿರಬಹುದು. ಇದು ನಿಜವಲ್ಲ. (ಫರ್ಮ್‌ವೇರ್ ಅಂದರೆ ರೂಟರ್ ಒಳಗೆ ಓಡುವ ಸಾಫ್ಟ್‌ವೇರ್; ಓಪನ್‌ಡಬ್ಲ್ಯುಆರ್‌ಟಿ ಅಂದರೆ ಕಂಪನಿ ಕೊಟ್ಟ ಫರ್ಮ್‌ವೇರ್ ಬದಲಿಗೆ ಹಾಕಿಕೊಳ್ಳುವ ಉಚಿತ ಫರ್ಮ್‌ವೇರ್; ಕ್ಯೂಒಎಸ್ ಅಂದರೆ ಯಾವ ಡೇಟಾ ಮೊದಲು ಹೋಗಬೇಕು ಅಂತ ನಿಯಂತ್ರಿಸುವ ಸೌಲಭ್ಯ.) ನಿಮ್ಮ ಪ್ಲಾನ್ 100 ಎಂಬಿಪಿಎಸ್ ಇದ್ದರೆ, ಯಾವ ಫರ್ಮ್‌ವೇರ್ ಹಾಕಿದರೂ ಆ ಮಿತಿ ಏರುವುದಿಲ್ಲ.

ಆದರೆ ಇದರಿಂದ ಬೇರೆ ಥರದ ಲಾಭ ಇದೆ, ಅದು ದೊಡ್ಡದೇ. ಮನೆಯ ಒಂದು ಫೋನ್ ಫೋಟೊಗಳನ್ನೆಲ್ಲ ಬ್ಯಾಕಪ್ ಮಾಡಲು ಶುರು ಮಾಡಿದ ಕೂಡಲೇ ಪಕ್ಕದ ರೂಮಿನ ವಿಡಿಯೊ ಕಾಲ್ ತಡವರಿಸುತ್ತದೆ, ಅಲ್ವಾ? ಅಪ್‌ಲೋಡ್ ಡೇಟಾ ಮೋಡೆಮ್‌ನಲ್ಲಿ ಸಾಲುಗಟ್ಟುತ್ತದೆ. ಕಾಲ್‌ನ ಪುಟ್ಟ ಪ್ಯಾಕೆಟ್‌ಗಳೂ (ಡೇಟಾ ತುಣುಕುಗಳೂ) ಅದರ ಹಿಂದೆ ಕಾಯಬೇಕು. ಇದಕ್ಕೆ ಬಫರ್‌ಬ್ಲೋಟ್ ಅಂತ ಹೆಸರು.

ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಎಸ್‌ಕ್ಯುಎಂ (ಡೇಟಾ ಸಾಲನ್ನು ನಿಭಾಯಿಸುವ ಒಂದು ಬಗೆಯ ಕ್ಯೂಒಎಸ್) ಹಾಕಿಕೊಂಡರೆ ಈ ತೊಂದರೆ ಬಹುಮಟ್ಟಿಗೆ ಹೋಗುತ್ತದೆ. ಅದರಲ್ಲಿ 'ಕೇಕ್' ಎಂಬ ಸಾಲು ನಿಭಾಯಿಸುವ ವಿಧಾನವನ್ನು ಆರಿಸಿ. ಅಲ್ಲೇ ಕೇಳುವ ವೇಗದ ಮಿತಿಯನ್ನು ಸ್ಪೀಡ್ ಟೆಸ್ಟ್‌ನಲ್ಲಿ ಸಿಕ್ಕ ವೇಗಕ್ಕಿಂತ ತುಸು ಕಡಿಮೆ ಇಡಿ. 100 ಎಂಬಿಪಿಎಸ್ ಸಿಗುತ್ತಿದ್ದರೆ 90 ಸಾಕು. ಅಲ್ಲಿರುವುದು ಕಿಲೋಬಿಟ್ ಲೆಕ್ಕ, ಹಾಗಾಗಿ 90000 ಅಂತ ತುಂಬಬೇಕು. ಅಪ್‌ಲೋಡ್‌ಗೂ ಇದೇ ಲೆಕ್ಕ. ಆಗ ಸಾಲು ಮೋಡೆಮ್ ಬದಲು ರೂಟರ್‌ನಲ್ಲೇ ನಿಲ್ಲುತ್ತದೆ, ಕೇಕ್ ಎಲ್ಲರಿಗೂ ಸರದಿ ಕೊಡುತ್ತದೆ. ಸ್ಪೀಡ್ ಟೆಸ್ಟ್‌ನ ಅಂಕಿ ಸ್ವಲ್ಪ ಇಳಿಯುತ್ತದೆ, ಕಾಲ್ ಸರಾಗವಾಗುತ್ತದೆ. ನನ್ನ ಪ್ರಕಾರ ಇದು ಒಳ್ಳೆಯ ವ್ಯಾಪಾರ.

ವೈಫೈ ಸಿಗ್ನಲ್ಲೇ ವೀಕ್ ಇದ್ದರೆ ಇದೆಲ್ಲ ಸುಮ್ನೆ. ಅಗ್ಗದ ರೂಟರ್‌ನ ಪ್ರೊಸೆಸರ್‌ಗೆ ಎಸ್‌ಕ್ಯುಎಂ ಭಾರ ಜಾಸ್ತಿ, ವೇಗದ ಲೈನ್‌ನಲ್ಲಿ ಸ್ಪೀಡ್ ಚೆನ್ನಾಗಿಯೇ ಕುಸಿಯಬಹುದು. ಫರ್ಮ್‌ವೇರ್ ಇಳಿಸಿಕೊಳ್ಳುವಾಗ ಮಾಡೆಲ್ ಹೆಸರಷ್ಟೇ ನೋಡಬೇಡಿ. ರೂಟರ್ ತಳದ ಚೀಟಿಯಲ್ಲಿರುವ ವಿ1, ವಿ2 ಎಂಬ ಹಾರ್ಡ್‌ವೇರ್ ಆವೃತ್ತಿ ಕೂಡ ಫೈಲ್‌ಗೆ ಹೊಂದಬೇಕು. ತಪ್ಪು ಫೈಲ್ ಹಾಕಿದರೆ ರೂಟರ್ ಮತ್ತೆ ಶುರುವಾಗದೇ ಹೋಗಬಹುದು.