ಕಾರಿನ ಕೆಳಗಿನ ಕೆಂಪು

ನಮ್ಮ ಕಾರು 2006ರದ್ದು. ಚಿಕ್ಕಮಗಳೂರಿನ ಚಳಿಗೆ ಅದಕ್ಕೂ ನನ್ನ ಹಾಗೇ ಬೆಳಿಗ್ಗೆ ಎದ್ದ ಕೂಡಲೇ ಒಂದಿಷ್ಟು ನರಳುವ ಅಭ್ಯಾಸ. ಹಾಗಾಗಿ ಡಿಸೆಂಬರಿನಲ್ಲಿ ಒಂದು ದಿನ ರಿವರ್ಸ್ ತೆಗೆಯುತ್ತಾ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಬಾನೆಟ್ ಒಳಗಿಂದ ‘ಕುಂಯ್ಯ್’ ಅಂತ ಸದ್ದು ಬಂದರೂ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ರೇಡಿಯೋ ಸೌಂಡ್ ಜಾಸ್ತಿ ಮಾಡಿದೆ.

ಅದೇ ಹೊತ್ತಿಗೆ ಕೊಪ್ಪದಿಂದ ಮಾವ ಬಂದಿದ್ದರು. ಕಣ್ಣಿನ ಪೊರೆ ತೆಗೆಸಿಕೊಂಡು ಸ್ವಲ್ಪ ದಿನ ನಮ್ಮಲ್ಲೇ ಇರುವುದು ಅಂತ ಆಗಿತ್ತು. ಅಡಿಕೆ ಬೆಳೆಯುವವರು. ಊಟ ಬಿಟ್ಟಾರು, ಎಲೆಅಡಿಕೆ ಬಿಡರು. ತಿಂಡಿ ಆದ ಮೇಲೆ ಕಾರು ನಿಲ್ಲಿಸುವ ಪೋರ್ಟಿಕೋದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಎಲೆಯ ತೊಟ್ಟು ಮುರಿದು, ಬೆನ್ನಿನ ನಾರು ಉಗುರಲ್ಲಿ ಎಳೆದು, ಪಂಚೆಗೆ ಒಮ್ಮೆ ಒರೆಸಿ, ಬೆರಳ ತುದಿಯಲ್ಲಿ ಸುಣ್ಣ ಸವರುವುದು ನೋಡುವಂಥ ಕೆಲಸ.

ಅವರು ಬಂದ ನಾಲ್ಕನೇ ದಿನ ಕಾರಿನ ಮುಂಭಾಗದ ಕೆಳಗೆ ನಾಣ್ಯದಷ್ಟಗಲ ಕೆಂಪು ಕಲೆ ಕಂಡಿತು. ಮರುದಿನ ಇನ್ನೆರಡು. ನನಗೆ ಅರ್ಥವಾಯಿತು. ಅಂದರೆ, ಅರ್ಥವಾಯಿತು ಅಂದುಕೊಂಡೆ.

“ನಮ್ಮಪ್ಪ ದಾಸವಾಳದ ಬುಡಕ್ಕೆ ಬಿಟ್ಟು ಬೇರೆಲ್ಲೂ ಉಗಿಯಲ್ಲ ರೀ” ಅಂದಳು ಹೆಂಡತಿ. ಮಗಳಾದವಳು ಇನ್ನೇನು ಹೇಳುತ್ತಾಳೆ! ಸುಮ್ನೆ ಬಕೆಟ್ ನೀರು, ಸೋಪಿನ ಪುಡಿ, ಪೊರಕೆ ತಗೊಂಡು ಉಜ್ಜಿದೆ. ಹೋಗಲೇ ಇಲ್ಲ. ನೀರು ಬಿದ್ದ ಕೂಡಲೇ ಕಾಮನಬಿಲ್ಲಿನ ಬಣ್ಣವೆಲ್ಲ ಎದ್ದು ಜಾರತೊಡಗಿತು. ಅದನ್ನು ಕಣ್ಣಾರೆ ನೋಡಿಯೂ ನಾನು ಯೋಚಿಸಿದ್ದು ಇಷ್ಟೇ: ಎಂಥ ಸುಣ್ಣ ಹಾಕ್ತಾರಪ್ಪ ಈ ಕೊಪ್ಪದವರು!

ನೇರವಾಗಿ ಹೇಳಲಾಗುತ್ತದೆಯೇ? ಒಂದು ಹಾಳೆಯಲ್ಲಿ ದಪ್ಪಕ್ಷರದಲ್ಲಿ ‘ಇಲ್ಲಿ ಉಗುಳಬಾರದು’ ಅಂತ ಬರೆದು ಕಂಬಕ್ಕೆ ಅಂಟಿಸಿದೆ. ಯಾರಾದರೂ ಕೇಳಿದರೆ ಪೇಪರ್ ಹಾಕುವ ಹುಡುಗನಿಗೆ ಅಂತ ಹೇಳುವುದು. ಮಾವ ಬೆಳಿಗ್ಗೆ ಬಂದವರು ಅಷ್ಟು ದೂರದಲ್ಲೇ ನಿಂತು, ಒಂದು ಕಣ್ಣು ಮುಚ್ಚಿ, ಆಪರೇಷನ್ ಆದ ಕಣ್ಣಲ್ಲಿ ಅದನ್ನು ಗಟ್ಟಿಯಾಗಿ ಓದಿದರು. “ಮಗಳೇ, ಬಾ ಇಲ್ಲಿ! ಕನ್ನಡಕ ಇಲ್ದೇ ಓದಿದೆ ನೋಡು!” ಮನೆಯಲ್ಲಿ ಅವತ್ತು ಪಾಯಸ.

ಇತ್ತ ಕಾರಿನ ನರಳಾಟ ಜಾಸ್ತಿಯಾಗುತ್ತಿತ್ತು. ಎದುರುಮನೆಯವರು ಅಲೈನ್‌ಮೆಂಟ್ ಅಂದರು. ಟೀ ಅಂಗಡಿಯಲ್ಲಿ ಬೆಲ್ಟ್ ಲೂಸ್ ಅಂತ ತೀರ್ಪಾಯಿತು. ಬೆಂಗಳೂರಿನ ಭಾವಮೈದ ಫೋನಿನಲ್ಲಿ “ಮೀಟರ್‌ನಲ್ಲಿ ಲೈಟ್ ಬರ್ತಿದ್ಯಾ ಭಾವ? ಫ್ಯೂಸ್ ನೋಡಿ, ಬ್ಯಾಟರಿ ನೋಡಿ” ಅಂದ. ಅವನದು ಹೊಸ ಕಾರು, ಸ್ಟೀರಿಂಗಿಗೆ ಕರೆಂಟಿನ ಮೋಟಾರು. ನಮ್ಮದು ಆಯಿಲ್ ಕುಡಿದು ಕೆಲಸ ಮಾಡುವ ಕಾಲದ್ದು. ಟೈರಿನ ಗಾಳಿ ಮಾತ್ರ ನಾನೇ ನೋಡಿಸಿದೆ. 30 ಇರಬೇಕಾದಲ್ಲಿ 22 ಇತ್ತು. ತುಂಬಿಸಿದ ಮೇಲೆ ಒಂದು ದಿನ ಸ್ಟೀರಿಂಗ್ ಹಗುರ ಅನ್ನಿಸಿತು. ಆ ಒಂದು ದಿನ ನಾನು ಬೀದಿಯವರಿಗೆಲ್ಲ ಕಾರಿನ ಬಗ್ಗೆ ಬುದ್ಧಿ ಹೇಳಿದೆ.

ಭಾನುವಾರ ನೆಂಟರನ್ನು ಕೂರಿಸಿಕೊಂಡು ಮುಳ್ಳಯ್ಯನಗಿರಿಗೆ ಹೊರಟೆ. ರಾಜ್ಯದಲ್ಲೇ ಎತ್ತರದ ಬೆಟ್ಟ, 1,930 ಮೀಟರ್ ಅಂತೆಲ್ಲ ಅವರಿಗೆ ಹೇಳುತ್ತಿದ್ದವನು ಕೈಮರ ದಾಟಿ ತಿರುವುಗಳು ಶುರುವಾದ ಮೇಲೆ ಮಾತು ನಿಲ್ಲಿಸಿದೆ. ಸ್ಟೀರಿಂಗ್ ತಿರುಗಿಸುವುದೂ ಒಂದೇ, ಉದ್ದಿನಬೇಳೆ ಹಾಕಿದ ಒರಳಲ್ಲಿ ಗುಂಡು ತಿರುಗಿಸುವುದೂ ಒಂದೇ. ಕಾರು ನಿಧಾನವಾದಷ್ಟೂ ಭಾರ. ಎದುರು ಜೀಪು ಬಂದಾಗ ಸೀಟಿನಿಂದ ಅರ್ಧ ಎದ್ದು, ಎರಡೂ ಕೈಯಲ್ಲಿ ಜಗ್ಗಿದೆ. ಹಿಂದಿನ ಸೀಟಿನ ಚಿಕ್ಕಮ್ಮ ಮಂಜುನಾಥನಿಗೆ ಹರಕೆ ಹೊತ್ತರು.

ಸೋಮವಾರ ಬೆಳಿಗ್ಗೆ ಮೆಕ್ಯಾನಿಕ್ ಅಣ್ಣ ಮನೆಗೇ ಬಂದ. ಬಾನೆಟ್ ಎತ್ತಿ ಒಂದು ಸಣ್ಣ ಡಬ್ಬಿಯ ಮುಚ್ಚಳ ತಿರುಗಿಸಿದ. ಆಯಿಲ್ ಕೆಳಗಿನ ಗೀಟಿಗಿಂತ ಎಷ್ಟೋ ಕೆಳಗೆ, ಮೇಲೆಲ್ಲ ನೊರೆ, ಒಳ್ಳೆ ಎತ್ತಿ ಹೊಯ್ದ ಕಾಫಿ ಥರ. “ಆಯಿಲ್ ಕಮ್ಮಿಯಾಗಿ ಪಂಪು ಗಾಳಿ ಎಳೀತಿದೆ ಸಾರ್. ಅದಕ್ಕೇ ಕೂಗ್ತಿರೋದು. ಎಲ್ಲೋ ಲೀಕ್ ಇದೆ” ಅಂದವನು ಬಗ್ಗಿ ಕೆಳಗೆ ನೋಡಿದ. ನನ್ನ ಎದೆ ಅಲ್ಲೇ ಧಸಕ್ಕೆಂದಿತು.

ಆ ಕೆಂಪನ್ನು ಬೆರಳಲ್ಲಿ ತೆಗೆದು, ಹೆಬ್ಬೆರಳಿಗೆ ಉಜ್ಜಿ, ಮೂಗಿನ ಹತ್ತಿರ ಹಿಡಿದ. “ಸ್ಟೀರಿಂಗ್ ಆಯಿಲ್ಲೇ. ಇಷ್ಟು ದಿನ ನೋಡೇ ಇಲ್ವಾ ಸಾರ್?”

ನೋಡುವುದೇನು, ದಿನಾ ಉಜ್ಜಿದ್ದೇನೆ! ಕುರ್ಚಿಯಲ್ಲಿದ್ದ ಮಾವ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದರು. ಕಂಬದ ಹಾಳೆ ನೋಡಿದರು. ನನ್ನನ್ನು ನೋಡಿದರು. ಹೊಸ ಕಣ್ಣು ಬೇರೆ.

ಡಬ್ಬಿಗೆ ಆಯಿಲ್ ವಾಪಸ್ ಬರುವ ಪೈಪು ಕ್ಲಿಪ್ಪಿನ ಹತ್ತಿರ ಸೀಳಿತ್ತು. ಅದನ್ನು ಬದಲಾಯಿಸಿ, ಮುಚ್ಚಳದ ಮೇಲೆ ಬರೆದ ಆಯಿಲನ್ನೇ ಹಾಕಿದ. ಬ್ರೇಕ್ ಆಯಿಲ್ ಒಂದು ಬಾಟಲಿ ಮನೆಯಲ್ಲಿದೆ ಅಂದಿದ್ದಕ್ಕೆ, “ಅದು ಹಾಕಿದ್ರೆ ಒಳಗಿನ ಸೀಲೆಲ್ಲ ಹಾಳು” ಅಂತ ಕೈ ಮುಗಿದ. ಆಮೇಲೆ ಮುಂದಿನ ಚಕ್ರ ಎರಡನ್ನೂ ಜಾಕಿನಲ್ಲಿ ಎತ್ತಿ, ಇಂಜಿನ್ ಆಫ್ ಇಟ್ಟು, ಈ ತುದಿಯಿಂದ ಆ ತುದಿಗೆ ತಿರುಗಿಸ್ತಾ ಇರಿ ಅಂದ, ಗಾಳಿ ಹೊರಗೆ ಹೋಗಲಿ ಅಂತ. ಡಬ್ಬಿಯಲ್ಲಿ ಗುಳುಗುಳು ಗುಳ್ಳೆ ಬಂತು. ಇಪ್ಪತ್ತನೇ ಸಲಕ್ಕೆ ನನ್ನ ಬಾಯಲ್ಲೂ. “ಇನ್ಮೇಲೆ ಪೂರ್ತಿ ತಿರುಗಿಸಿ ಹಾಗೇ ಒತ್ತಿ ಹಿಡ್ಕೊಂಡು ಕೂರಬೇಡಿ, ಪಂಪಿಗೆ ಹೊಡೆತ” ಅಂದ. ಸ್ಟಾರ್ಟ್ ಮಾಡಿದ ಮೇಲೆ ಒಂದೇ ಬೆರಳಲ್ಲಿ ತಿರುಗಿತು. ಸದ್ದಿಲ್ಲ.

ಹಾಳೆಯನ್ನು ರಾತ್ರಿ ಯಾರೂ ಇಲ್ಲದಾಗ ಕಿತ್ತೆ. ಮಾವ ಆ ವಿಷಯ ಎತ್ತಲೇ ಇಲ್ಲ. ಎತ್ತಿದ್ದರೆ ಒಳ್ಳೆಯದಿತ್ತು.

ಸಂಕ್ರಾಂತಿ ಆದ ಮೇಲೆ ಅವರನ್ನು ಕೊಪ್ಪಕ್ಕೆ ಬಿಡಲು ಹೊರಟೆ. ಆಲ್ದೂರು ದಾಟಿದ ಮೇಲೆ, “ಸ್ವಲ್ಪ ನಿಲ್ಸಿ ಅಳಿಯಂದ್ರೇ” ಅಂದರು. ಇಳಿದು, ರಸ್ತೆ ಬದಿಗೆ ಹೋಗಿ ಉಗಿದರು. ವಾಪಸ್ ಬಂದವರು ಪಂಚೆ ಎತ್ತಿಕೊಂಡು, ಸೊಂಟ ಹಿಡಿದುಕೊಂಡು ಬಗ್ಗಿ ಕಾರಿನ ಕೆಳಗೆ ನಿಧಾನವಾಗಿ ನೋಡಿದರು. ಆಮೇಲೆ ನನ್ನ ಕಿಟಕಿಗೆ ಬಂದು ಹೇಳಿದರು:

“ಅಲ್ಲಿ ಬೇಲಿ ಹತ್ರ ಇರೋದು ನಂದೇ ಮಾರಾಯ್ರೇ. ಗುರುತಿಟ್ಕೊಳ್ಳಿ.”